ಹೊಟ್ಟೆಯೊಳಗೆ ಕೂತವರು

ಕಟ್ಟಿಕೊಂಡ ಹೆಂಡತಿಯನ್ನು ತಲೆಕೆಳಗಾಗಿ ನೋಡುವ ಭಾಗ್ಯ ಎಲ್ಲ ಗಂಡಂದಿರಿಗೂ ಒದಗುವುದಿಲ್ಲ. ದಿಲೀಪನಿಗೆ ಒದಗಿತು. ಅದೂ ಯಾವ ಮುನ್ಸೂಚನೆಯಿಲ್ಲದೆ, ಜನವರಿಯ ಒಂದು ಸಂಜೆ, ತನ್ನದೇ ಮನೆಯ ಕಿಟಕಿಯಲ್ಲಿ.

ಕಳಸದಿಂದ ಹೊರನಾಡಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಏರು ಹತ್ತಿದರೆ ಅವನ ಕಾಫಿ ತೋಟ. ಹಣ್ಣು ಕುಯ್ಯುವ ಕಾಲ. ಕಣದಲ್ಲಿ ಒಣಗಲು ಹರಡಿದ್ದ ಕಾಫಿಗೆ ಟಾರ್ಪಾಲು ಹೊದೆಸಿ ಮನೆ ಕಡೆ ಹೊರಳುವಷ್ಟರಲ್ಲಿ ಕಣಿವೆಯ ಮಂಜು ಮೇಲೆದ್ದು ಬಂದು ಅಂಗಳವನ್ನು ನುಂಗಿ ಹಾಕಿತ್ತು. ಆಗ ಒಳಗಿನಿಂದ ಆ ದನಿ ಕೇಳಿಸಿತು. ಮನುಷ್ಯರದಲ್ಲ, ಪ್ರಾಣಿಯದೂ ಅಲ್ಲ. ಬಚ್ಚಲಮನೆಯ ಹಂಡೆಯೊಂದು ತನ್ನ ಕಷ್ಟವನ್ನು ತನಗೇ ಹೇಳಿಕೊಳ್ಳುತ್ತಿರುವ ಹಾಗೆ, ಉದ್ದಕ್ಕೆ, 'ಊಂ...' ಎಂದು.

ದಿಲೀಪ ಮೆಲ್ಲಗೆ ಕಿಟಕಿಗೆ ಕಣ್ಣಿಟ್ಟ. ಕೋಣೆಯ ತುಂಬ ಹೊಗೆ. ಹೊಗೆಯ ನಡುವೆ ತುಂಬು ಗರ್ಭಿಣಿ ಕೃತಿಕಾ. ಮೊಣಕಾಲು ಸೋಫಾದ ಮೇಲೆ, ಮೊಣಕೈ ನೆಲದ ಮೇಲೆ, ಬಿಚ್ಚಿದ ಕೂದಲು ನೆಲ ಗುಡಿಸುತ್ತಿದೆ. ಅವಳ ಕಾಲಿನ ಕಿರುಬೆರಳ ಹತ್ತಿರ ಕೆಂಡದ ಕಡ್ಡಿ ಹಿಡಿದು, ತುಟಿ ಅಲುಗಿಸುತ್ತ ಬಗ್ಗಿ ನಿಂತವರು ಅವನ ಹೆತ್ತ ತಾಯಿ ಶಂಕರಮ್ಮ. ತಲೆಕೆಳಗಾದ ಮುಖ ನಿಧಾನವಾಗಿ ಕಿಟಕಿಯತ್ತ ತಿರುಗಿ ಅವನನ್ನು ನೋಡಿ ನಕ್ಕಿತು.

ದಿಲೀಪ ಬಿ.ಎಸ್ಸಿ. ಓದಿದವನು (ಪಾಸಾದ ಎಂದು ಹೇಳಲಿಲ್ಲ, ಓದಿದ ಎಂದೆ). ಹೆದರುವ ಜಾತಿಯಲ್ಲ. ಆದರೂ ಅವನ ಕಾಲುಗಳು ಅವನನ್ನು ಕೇಳದೆಯೇ ಹಿಂದಕ್ಕೆ ಓಡಿ, ಟಾರ್ಪಾಲಿಗೆ ತೊಡರಿ, ಅಂಗಾತ ಬಿದ್ದವು.

"ಯಾರದು?" ಎಂದು ಒಳಗಿನಿಂದ ಶಂಕರಮ್ಮ.

"ನಾನಮ್ಮಾ..."

"ಕಾಲು ತೊಳ್ಕೊಂಡು ಬಾ. ಮಗು ತಿರುಗಿಸ್ತಾ ಇದ್ದೀವಿ."

ವಿಷಯ ಇಷ್ಟೇ. ಚಿಕ್ಕಮಗಳೂರಿನ ಡಾಕ್ಟರ್ ರಶ್ಮಿ ಸ್ಕ್ಯಾನು ಮಾಡಿ, ಮಗು ತಲೆ ಮೇಲೆ ಮಾಡಿ ಕೂತಿದೆ, ತಿರುಗಿದರೆ ಸರಿ, ಇಲ್ಲದಿದ್ದರೆ ಆಪರೇಷನ್ ಎಂದಿದ್ದರು. ಹೊರಗಿನಿಂದ ಕೈಯಲ್ಲಿ ತಿರುಗಿಸುವ ಕ್ರಮವೂ ಉಂಟಂತೆ, ಆದರೆ ಕೃತಿಕಾಳ ವಿಷಯದಲ್ಲಿ ಅದು ಬೇಡ ಎಂದಿದ್ದರು. ಅಂದೇ ಕೃತಿಕಾ ಫೋನಿನಲ್ಲಿ ನಿಖಿತಾ ಎಂಬ 'ಪ್ರಸವ ಸಂಗಾತಿ'ಯನ್ನು ಹಿಡಿದಳು. ಮಾಚಿಪತ್ರೆಯ ಕಡ್ಡಿ ಹೊತ್ತಿಸಿ ಕಿರುಬೆರಳಿಗೆ ಶಾಖ ಕೊಡುವುದು, ತಲೆ ತಗ್ಗಿಸಿ ಬೆನ್ನೆತ್ತುವ ಆಸನ, ಅಂಚು ಉಜ್ಜಿದರೆ 'ಊಂ' ಎನ್ನುವ ಕಂಚಿನ ಬಟ್ಟಲಿನ ನಾದ, ಇವೆಲ್ಲ ನಿಖಿತಾಳ ಪ್ರಸಾದ. ಡಾಕ್ಟರನ್ನು ಕೇಳಿದ್ದಕ್ಕೆ ಅವರು, "ಇದರಿಂದ ತಿರುಗ್ತದೆ ಅಂತ ನಾನು ಹೇಳಲ್ಲ. ಪಕ್ಕದಲ್ಲಿ ಯಾರಾದ್ರೂ ಇರಲಿ, ಕಿಟಕಿ ತೆಗೆದಿರಿ, ಬೇರು-ಪುಡಿ ಅಂತ ಹೊಟ್ಟೆಗೆ ಮಾತ್ರ ಏನೂ ತಗೋಬೇಡಿ" ಎಂದಿದ್ದರಂತೆ. ಶಂಕರಮ್ಮ ತುಟಿ ಅಲುಗಿಸುತ್ತಿದ್ದುದು ಮಂತ್ರವಲ್ಲ, ನಿಮಿಷದ ಲೆಕ್ಕ.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದ ದಿಲೀಪ, ಬೆನ್ನು ಸವರಿಕೊಳ್ಳುತ್ತ.

"ಹೇಳಿದ್ರೆ ನೀವು ನಗ್ತಿದ್ರಿ."

"ಈಗ ನಗೋಕೆ ಸೊಂಟ ಬಿಡ್ತಾ ಇಲ್ಲ."

ಕೃತಿಕಾ ಹೈಸ್ಕೂಲಿನ ಪಿ.ಟಿ. ಟೀಚರು. ಸೀಟಿ ಊದಿ ಇಡೀ ಶಾಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದವಳಿಗೆ ಸ್ವಂತ ಮಗು ತಿರುಗುತ್ತಿಲ್ಲ ಎಂಬುದೇ ದೊಡ್ಡ ಅವಮಾನ ಎಂದು ದಿಲೀಪ ಭಾವಿಸಿದ್ದ. ಆದರೆ ಆ ಸಂಜೆ ಹೊಗೆಯೆಲ್ಲ ಆಚೆ ಹೋದ ಮೇಲೆ ಅವಳು ಗೋಡೆ ನೋಡಿಕೊಂಡು ಹೇಳಿದಳು: "ಆಪರೇಷನ್ ಅಂದ್ರೆ ಪರದೆ ಆಚೆ ನನ್ನ ಹೊಟ್ಟೆ, ಈಚೆ ನನ್ನ ತಲೆ. ಆಚೆ ಎಂತ ಮಾಡ್ತಿದ್ದಾರೆ ಅಂತ ಗೊತ್ತಾಗದೆ ಸುಮ್ಮನೆ ಮಲಗಿರಬೇಕು. ಭಯ ಆಗ್ತದೆ ಮಾರಾಯ್ರೆ." ಕೃತಿಕಾ ಭಯ ಎಂಬ ಶಬ್ದ ಬಳಸಿದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ. ಅವಳು ಹೇಳಿದ್ದೆಲ್ಲ ಮಾಡುತ್ತೇನೆಂದು ಅಲ್ಲೇ ಒಪ್ಪಿಕೊಂಡ. (ಮೊದಲೂ ಮಾಡುತ್ತಿದ್ದ. ಈಗ ಮನಸಾರೆ.)

ಅವನ ಪಾಲಿಗೆ ಬಂದದ್ದು ವಾಕ್-ಚಿಕಿತ್ಸೆ. ಮಗು ತಂದೆಯ ದನಿ ಬಂದ ಕಡೆಗೆ ತಲೆ ಹಾಕುತ್ತದೆ, ಆದ್ದರಿಂದ ತಂದೆ ದಿನವೂ ಕಿಬ್ಬೊಟ್ಟೆಯ ಹತ್ತಿರ ಬಾಯಿಟ್ಟು ಪ್ರೀತಿಯಿಂದ ಮಾತಾಡಬೇಕು ಎಂದು ನಿಖಿತಾಳ ಅಪ್ಪಣೆ. ಮಾರನೆಯ ದಿನ ದಿಲೀಪ ಎಣ್ಣೆ ಸುರಿಯುವ ಬಾಯಗಲದ ಪ್ಲಾಸ್ಟಿಕ್ ಕೊಳವೆಯನ್ನು ತೊಳೆದು ತಂದು ಹೆಂಡತಿಯ ಹೊಟ್ಟೆಗಿಟ್ಟ. ಪ್ರೀತಿಯಿಂದ ಏನು ಮಾತಾಡಬೇಕೋ ತಿಳಿಯಲಿಲ್ಲ. ಪೇಪರು ತೆಗೆದು ಕಾಫಿ ಧಾರಣೆ ಓದಿದ. ಅರೇಬಿಕಾ ಮುಗಿಸಿ ರೊಬಸ್ಟಾಕ್ಕೆ ಬಂದಾಗ ಕೊಳವೆಯೊಳಗಿಂದ ಉತ್ತರ ಬಂತು.

ಟಕ್. ಟಕ್. ಟಕ್.

ಒದೆತವಲ್ಲ. ಬೆರಳ ಗಂಟಿನಿಂದ ಮೇಜು ಕುಟ್ಟಿದ ಹಾಗೆ, ನಿಧಾನವಾಗಿ, ಅಸಹನೆಯಿಂದ.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಶಂಕರಮ್ಮನಿಗೆ ಅಷ್ಟು ದೂರ ಅದು ಹೇಗೆ ಕೇಳಿಸಿತೋ! ಅವರು ಒಂದು ಲೋಟ ಕಾಫಿ ಹಿಡಿದು ಬಂದರು, ಸಕ್ಕರೆಯಿಲ್ಲದ್ದು. ಸೊಸೆಗೂ ಕೊಡಲಿಲ್ಲ, ಮಗನಿಗೂ ಕೊಡಲಿಲ್ಲ. ಹೊಟ್ಟೆಯ ಎದುರಿಗೆ ಸ್ಟೂಲು ಎಳೆದು ಅದರ ಮೇಲಿಟ್ಟು, ಸೆರಗು ಹೊದ್ದುಕೊಂಡು ನಿಂತರು.

"ಅವರೇ" ಎಂದರು.

ಅವರೆಂದರೆ ದಿಲೀಪನ ಅಪ್ಪಯ್ಯ, ದಿವಂಗತ ಲಿಂಗಪ್ಪನವರು. ಕಾಫಿ ತಡವಾದರೆ ಮೇಜನ್ನು ಹಾಗೇ ಕುಟ್ಟುತ್ತಿದ್ದವರು. ಹೋಗಿ ಎರಡು ವರ್ಷವಾಗಿತ್ತು.

"ಅಮ್ಮಾ, ಸುಮ್ನಿರಿ" ಎಂದಳು ಕೃತಿಕಾ.

"ನಾನು ಸುಮ್ಮನೇ ಇದ್ದೆ ಮಗಾ. ಸ್ಕ್ಯಾನಿನಲ್ಲಿ ನೆಟ್ಟಗೆ ಕೂತಿದೆ ಅಂದಾಗಲೇ ಅನುಮಾನ ಬಂದಿತ್ತು. ಆ ಮನುಷ್ಯ ಜನ್ಮದಲ್ಲಿ ಯಾರೆದುರೂ ತಲೆ ತಗ್ಗಿಸಿದವರಲ್ಲ. ಈಗ ನೀವು ಹೊಗೆ ಹಾಕಿದ್ರೆ ತಗ್ಗಿಸ್ತಾರಾ?"

ದಿಲೀಪ ನಗಲು ಬಾಯಿ ತೆರೆದ. ಸ್ಟೂಲಿನ ಮೇಲಿನ ಕಾಫಿಯಲ್ಲಿ ಸಣ್ಣ ಸಣ್ಣ ಅಲೆಗಳೇಳುತ್ತಿದ್ದವು. ಬಾಯಿ ಮುಚ್ಚಿಕೊಂಡ.

ಅಲ್ಲಿಂದ ಮುಂದೆ ಸಾಕ್ಷ್ಯಗಳು ತಾವಾಗಿ ಒಂದೊಂದೇ ಬಂದು ಸೇರತೊಡಗಿದವು. ಉಪ್ಪಿನಕಾಯಿಯ ವಾಸನೆಗೇ ಮೂಗು ಮುಚ್ಚುತ್ತಿದ್ದ ಕೃತಿಕಾ ಒಂದು ಮಧ್ಯಾಹ್ನ ಕಂಚಿಕಾಯಿ ಉಪ್ಪಿನಕಾಯಿಯ ಜಾಡಿಯನ್ನೇ ಮಡಿಲಲ್ಲಿಟ್ಟುಕೊಂಡು, ರಸ ನೆಕ್ಕುತ್ತ, "ಇದಕ್ಕೆ ಉಪ್ಪು ಸಾಲದು" ಎಂದಳು. ಅದು ಲಿಂಗಪ್ಪನವರ ಮಾತು, ಲಿಂಗಪ್ಪನವರದೇ ರಾಗ. ಅಂಗಳದಲ್ಲಿ ಮಲಗಿರುತ್ತಿದ್ದ ಮುದಿ ನಾಯಿ, ಅಪ್ಪಯ್ಯ ಹೋದ ಮೇಲೆ ಒಳಗೆ ಕಾಲಿಟ್ಟಿರದ ನಾಯಿ, ಬಂದು ಕೃತಿಕಾಳ ಹೊಟ್ಟೆಯ ನೇರಕ್ಕೆ ನೆಲಕ್ಕೆ ಗದ್ದ ಊರಿ ಮಲಗಿತು. ಅಪ್ಪಯ್ಯ ಕೊನೆಯವರೆಗೂ ಒಪ್ಪದಿದ್ದ, ತೋಟದಲ್ಲಿ ಹೊಸ ಮೆಣಸಿನ ಬಳ್ಳಿ ಹಬ್ಬಿಸುವ ಯೋಚನೆಯನ್ನು ದಿಲೀಪ ಕೊಳವೆಯಲ್ಲಿ ಹೇಳಿದ ದಿನ ಒಳಗಿನಿಂದ ಎಂಥ ಗುದ್ದು ಬಿತ್ತೆಂದರೆ ಕೊಳವೆ ಹಾರಿ ಅವನ ಹಲ್ಲಿಗೆ ಬಡಿಯಿತು.

ದಿಲೀಪ ತನಗರಿವಿಲ್ಲದೆಯೇ ಬಹುವಚನಕ್ಕೆ ಇಳಿದ. "ಊಟ ಆಯ್ತಾ? ಚಳಿ ಆಗ್ತಾ ಉಂಟಾ ನಿಮಗೆ?" ಎಂದು ಹೊಟ್ಟೆಯನ್ನು ವಿಚಾರಿಸತೊಡಗಿದ. ತೋಟದ ಮೇಸ್ತ್ರಿಗೆ ಏನು ಹೇಳಬೇಕಾದರೂ ಮೊದಲು ಬಂದು ಹೊಟ್ಟೆಯ ಎದುರು ನಿಂತು ಕೆಮ್ಮುತ್ತಿದ್ದ.

"ಇದು ನನ್ನ ಹೊಟ್ಟೆ ಮಾರಾಯ್ರೆ, ನಿಮ್ಮ ಅಪ್ಪಯ್ಯನ ಎಸ್ಟೇಟ್ ಆಫೀಸಲ್ಲ!" ಎಂದು ಕೃತಿಕಾ ಗುಡುಗಿದಳು. ಆದರೆ ಅವಳೂ ಈಚೆಗೆ ಸಂಜೆಯಾಗುತ್ತಲೇ ದೀಪ ಹಾಕಿಸುತ್ತಿದ್ದಳು. ಸ್ನಾನ ಮಾಡುವಾಗ ಹೊಟ್ಟೆಗೆ ಟವೆಲು ಸುತ್ತಿಕೊಳ್ಳುತ್ತಿದ್ದಳು. ಕಾರಣ ಕೇಳಿದರೆ, "ಎಷ್ಟಾದ್ರೂ ಮಾವ" ಎಂದು ಪಿಸುಗುಟ್ಟಿದಳು.

ಮುಂದಿನ ಸ್ಕ್ಯಾನು ಹತ್ತಿರ ಬಂತು. ಕಡ್ಡಿಗಳು ಸುಟ್ಟು ಮುಗಿದವು, ಬಟ್ಟಲು ಊಳಿಟ್ಟು ದಣಿಯಿತು. ಹೊಟ್ಟೆಯ ಮೇಲ್ಭಾಗದಲ್ಲಿ ಆ ಗುಂಡನೆಯ ಗಟ್ಟಿ ತಲೆ ಇದ್ದಲ್ಲೇ ಇತ್ತು. ಆಗ ದಿಲೀಪನಿಗೆ ಹೊಳೆಯಿತು. ಅಪ್ಪಯ್ಯನನ್ನು ಬೇಡಿಕೊಂಡು ಯಾರು ಏನು ಮಾಡಿಸಿದ್ದರು? ಮದುವೆಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ನಿಮಗ್ಯಾಕೆ ತೊಂದರೆ, ಬರಬೇಡಿ ಎಂದರೆ ಎಲ್ಲರಿಗಿಂತ ಮುಂಚೆ ಹೋಗಿ ಮೊದಲ ಪಂಕ್ತಿಯಲ್ಲಿ ಕೂತಿರುತ್ತಿದ್ದರು.

ಭಾನುವಾರ. ತೋಟದಲ್ಲಿ ಆಳುಗಳಿಲ್ಲ. ಮಧ್ಯಾಹ್ನವೇ ಮಂಜು ಇಳಿದು ಕಿಟಕಿಯಾಚೆ ಬಿಳಿ ಗೋಡೆ ಎದ್ದಿತ್ತು. ಕೃತಿಕಾ ಮಗ್ಗುಲಾಗಿ ನಿದ್ದೆ ಹೋಗಿದ್ದಳು. ದಿಲೀಪ ಕೊಳವೆಗೆ ಬಾಯಿಟ್ಟು ಉಸುರಿದ: "ಅಪ್ಪಯ್ಯ, ಎಲ್ಲರೂ ನಿಮಗೆ ತಲೆ ತಗ್ಗಿಸಿ ಅಂತಿದ್ದಾರೆ. ನೀವು ತಗ್ಗಿಸಬೇಡಿ. ಹಾಗೇ ಕೂತಿರಿ."

ಮೊದಲು ಏನೂ ಆಗಲಿಲ್ಲ. ನಾಯಿ ಎದ್ದು ಹೊರಗೆ ಹೋಯಿತು. ಆಮೇಲೆ ನೈಟಿಯ ಬಟ್ಟೆಯಡಿ ಹೊಟ್ಟೆ ಒಂದು ಕಡೆಗೆ ಚೂಪಾಯಿತು. ಆ ಗುಡ್ಡ ಪಕ್ಕೆಯ ಗುಂಟ, ಹೊದಿಕೆಯೊಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ, ಆತುರವಿಲ್ಲದೆ ಹೊರಳಿ, ಕೆಳಗಿಳಿದು, ನಿಂತಿತು. ಕೃತಿಕಾ ಎಚ್ಚರಗೊಳ್ಳಲಿಲ್ಲ. ನಿದ್ದೆಯಲ್ಲೇ ದಪ್ಪ ದನಿಯಲ್ಲಿ "ಹುಂ" ಎಂದಳು. ದಿಲೀಪ ಕೊಳವೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

ಸ್ಕ್ಯಾನಿನಲ್ಲಿ ತಲೆ ಕೆಳಗಿತ್ತು! ಕೃತಿಕಾ ಡಾಕ್ಟರರ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ನಿಖಿತಾ ಫೋನಿನಲ್ಲಿ ಕಡ್ಡಿಯ ಮಹಿಮೆ ಎಂದಳು. ಶಂಕರಮ್ಮ ಹೊರನಾಡಿಗೆ ಹೊತ್ತ ಹರಕೆ ಎಂದರು. ಡಾಕ್ಟರ್ ರಶ್ಮಿ, "ಎಷ್ಟೋ ಮಕ್ಕಳು ತಾವಾಗೇ ತಿರುಗ್ತವೆ" ಎಂದರು. ದಿಲೀಪ ಮೀಸೆಯಡಿ ನಕ್ಕ. ಕಾರು ಹತ್ತಿದವನೇ ಹೆಮ್ಮೆ ತಡೆಯಲಾರದೆ ಭಾನುವಾರದ ತನ್ನ ಉಪಾಯವನ್ನು ಹೆಂಡತಿಗೆ ವಿವರಿಸಿ, ಹೊಟ್ಟೆಯತ್ತ ಬಾಗಿ ಹೇಳಿದ:

"ದೊಡ್ಡ ಉಪಕಾರ ಆಯ್ತು ಅಪ್ಪಯ್ಯ. ಇನ್ನು ಹೀಗೇ ಇದ್ದುಬಿಡಿ."

ಹೇಳಿ ಮುಗಿಸುವಷ್ಟರಲ್ಲಿ ತಾನು ಬೇಡಿಕೊಂಡುಬಿಟ್ಟೆ ಎಂಬುದು ಹೊಳೆದು ಬಾಯಿಗೆ ಕೈ ಅಡ್ಡ ಹಿಡಿದ.

"ಈಗ ಎಂತ ಹೇಳಿದ್ರಿ?" ಎಂದಳು ಕೃತಿಕಾ, ಬಿಳುಚಿಕೊಂಡು. ಹೊಟ್ಟೆ ಅಲುಗಲಿಲ್ಲ. ಏನನ್ನೋ ಯೋಚಿಸುತ್ತಿರುವಂತೆ ಗಟ್ಟಿಯಾಗಿತ್ತು.

ದಿನ ತುಂಬುವ ಮುಂಚೆಯೇ ಅವರು ಚಿಕ್ಕಮಗಳೂರಿನಲ್ಲಿ ಕೃತಿಕಾಳ ಚಿಕ್ಕಮ್ಮನ ಮನೆಗೆ ಬಂದು ಇಳಿದುಕೊಂಡರು. ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರರ ಹುಬ್ಬು ಗಂಟಿಕ್ಕಿತು. "ಆಶ್ಚರ್ಯ. ಮತ್ತೆ ಎದ್ದು ಕೂತಿದೆಯಲ್ಲ! ಕಾಯುವುದು ಬೇಡ, ಆಪರೇಷನ್ ಮಾಡೋಣ."

ಕೃತಿಕಾ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಸಾಧ್ಯವಿಲ್ಲ.

"ಬಾಯಿ ಬಿಟ್ಟು ಕೆಲಸ ಕೆಡಿಸಿದ್ದು ನೀವು. ಈಗ ಒಳಗೆ ಬಂದು ಅದೇ ಬಾಯಲ್ಲಿ ಮಾತಾಡಿ. ನಾನು ಪರದೆ ನೋಡ್ಕೊಂಡು ಒಬ್ಬಳೇ ಮಲಗಲ್ಲ" ಎಂದಳು. ಡಾಕ್ಟರರು ಒಪ್ಪಿದರು. ಹಸಿರು ನಿಲುವಂಗಿ, ಟೋಪಿ ತೊಟ್ಟ ದಿಲೀಪ ಅವಳ ತಲೆಯ ಬಳಿ ಕೂತು, ಪರದೆಯಾಚೆ ಲೋಹದ ಸದ್ದಾದಾಗಲೆಲ್ಲ ದನಿ ಏರಿಸಿ, ನೆನಪಿದ್ದ ಕಾಫಿ ಧಾರಣೆಯನ್ನೆಲ್ಲ ಒಪ್ಪಿಸಿದ. ಅವನ ಹೆಬ್ಬೆರಳು ಅವಳ ಮುಷ್ಟಿಯಲ್ಲಿತ್ತು. "ರೊಬಸ್ಟಾ ಆಯ್ತು, ಮುಂದೆ ಹೇಳಿ" ಎನ್ನುತ್ತಿದ್ದಳು. ಅವಳ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು, ಆದರೆ ನಗುತ್ತಿದ್ದಳು. ಹಾಗಿರುವಾಗಲೇ ಮಗುವಿನ ಕೂಗು ಎದ್ದಿತು.

"ಹೆಣ್ಣು! ಇಬ್ಬರೂ ಆರೋಗ್ಯ" ಎಂದರು ಡಾಕ್ಟರ್.

ದಿಲೀಪನ ಎದೆಯ ಭಾರ ಎರಡು ಪಟ್ಟು ಇಳಿಯಿತು. ಒಂದು, ಹೆಂಡತಿ-ಮಗು ಕ್ಷೇಮ. ಎರಡು, ಅಪ್ಪಯ್ಯ ಅಲ್ಲ. ವಾರ್ಡಿಗೆ ಬಂದ ಶಂಕರಮ್ಮ ಮಗುವಿನ ಹುಬ್ಬು, ದವಡೆ, ಬಿಗಿದ ತುಟಿಯನ್ನು ತುಂಬ ಹೊತ್ತು ನೋಡಿ, "ಹೆಣ್ಣಾಗಿ ಬರಬೇಡಿ ಅಂತ ಯಾರೋ ಹೇಳಿರಬೇಕು" ಎಂದರು.

ಮಾರನೆಯ ಬೆಳಿಗ್ಗೆ ಬೆಟ್ಟದ ಮಂಜು ವಾರ್ಡಿನ ಕಿಟಕಿಗಳಿಗೆ ಒತ್ತಿಕೊಂಡಿತ್ತು. ಸಾಲು ಮಂಚಗಳು, ಸಾಲು ತೊಟ್ಟಿಲುಗಳು, ಎಲ್ಲ ಮಕ್ಕಳೂ ಒಟ್ಟಿಗೆ ಅಳುತ್ತಿದ್ದವು. ದಿಲೀಪನ ಮಗಳದು ಮೇಳದ ಮುಖ್ಯ ದನಿ. ಎತ್ತಿದರು, ತಟ್ಟಿದರು, ಜೋ ಜೋ ಎಂದರು, ನಿಲ್ಲಲಿಲ್ಲ. ಹೊಲಿಗೆಯ ನೋವಿನಲ್ಲಿ ಕಣ್ಣು ಮುಚ್ಚಲಾಗದ ಕೃತಿಕಾ, "ಹೇಳಿ ಒಂದು ಮಾತು. ನೀವೇ ಹೇಳಿ" ಎಂದಳು.

ದಿಲೀಪ ಕುರ್ಚಿಯಲ್ಲಿ ಕೂತಲ್ಲೇ ಬಾಗಿ, ಯಾರಿಗೂ ಕೇಳದ ಹಾಗೆ ಎಂದುಕೊಂಡು, ಹೇಳಿದ: "ಯಾಕೆ ನಿಲ್ಲಿಸ್ತೀರಿ? ಅಳಿ. ಇನ್ನೂ ಜೋರಾಗಿ ಅಳಿ."

ಮಗು ಸುಮ್ಮನಾಯಿತು.

ಅದೊಂದೇ ಅಲ್ಲ. ಆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ತೊಟ್ಟಿಲುಗಳೂ ಒಂದೇ ಉಸಿರಿಗೆ ನಿಶ್ಶಬ್ದವಾದವು. ಸಲೈನಿನ ಹನಿ ಬೀಳುವ ಸದ್ದು ಕೇಳುತ್ತಿತ್ತು. ನರ್ಸು ಬಾಗಿಲಲ್ಲೇ ನಿಂತುಬಿಟ್ಟಳು.

ಪಕ್ಕದ ಮಂಚದ ಹೆಂಗಸು ಮೆಲ್ಲಗೆ ಕೇಳಿದಳು: "ಅಣ್ಣಾ, ನಮ್ಮದು ನಿನ್ನೆಯಿಂದ ಸರಿಯಾಗಿ ಹಾಲು ಕುಡೀತಿಲ್ಲ. ಕುಡೀಬೇಡ ಅಂತ ಒಂದು ಮಾತು ಹೇಳ್ತೀರಾ?" ಅದರಾಚೆಯವಳು, "ನಮ್ಮದಕ್ಕೆ ಹಗಲೆಲ್ಲ ನಿದ್ದೆ ಅಣ್ಣಾ" ಎಂದಳು. ಕೃತಿಕಾ ಹೊಲಿಗೆ ಹಿಡಿದುಕೊಂಡು, "ನಗಿಸಬೇಡಿ, ನೋಯ್ತದೆ" ಎಂದು ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ನಿಖಿತಾ. ಅತ್ತ ವಿಷಯವೆಲ್ಲ ಕೇಳಿಸಿಕೊಂಡವಳು, ದಿಲೀಪ್ ಸರ್ ಶನಿವಾರ ಬಿಡುವಾಗಿರುತ್ತಾರೋ ಎಂದು ಕೇಳಿದಳು.

"ನಾನು ಬಿ.ಎಸ್ಸಿ. ಓದಿದವನು!" ಎಂದು ದಿಲೀಪ ಪ್ರತಿಭಟಿಸಿದ. ಯಾರೂ ಗಮನ ಕೊಡಲಿಲ್ಲ. ಶಂಕರಮ್ಮ ಒಂದೊಂದೇ ತೊಟ್ಟಿಲಿಗೆ ಬಗ್ಗಿ ನೋಡುತ್ತ ಹೊರಟಿದ್ದರು.

"ಮಗಾ," ಎಂದರು ತಗ್ಗಿದ ದನಿಯಲ್ಲಿ, "ನಮ್ಮನೆಯವರು ಒಬ್ಬರೇ ಅಲ್ಲ. ನೋಡಿಲ್ಲಿ, ಯಾರ್ಯಾರು ಬಂದಿದ್ದಾರೆ."

ದಿಲೀಪ ತಿರುಗಿ ನೋಡಿದ. ಬಿಳಿ ಬಟ್ಟೆ ಸುತ್ತಿಕೊಂಡ ಬೋಳು ತಲೆಗಳು, ನೆರಿಗೆ ಬಿದ್ದ ಹಣೆಗಳು, ಹಲ್ಲಿಲ್ಲದ ಬಾಯಿಗಳು. ಸೀಮೆಯ ಹಿರಿಯರೆಲ್ಲ ಪಂಚಾಯ್ತಿಗೆ ಸೇರಿದ ಹಾಗೆ ಸಾಲಾಗಿ, ಗಂಭೀರವಾಗಿ, ಕಣ್ಣು ಮಿಟುಕಿಸದೆ, ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಅವನು ಕುರ್ಚಿಯಿಂದ ಎದ್ದು ನಿಂತ. ಸಂಜೆಯವರೆಗೂ ಯಾರು ಎಷ್ಟು ಹೇಳಿದರೂ ಕೂರಲಿಲ್ಲ.