ನಲವತ್ತಮೂರು ವಿಡಿಯೋ, ಒಂದು ಬಂದೂಕು

ಬಂದೂಕು ಹಿಡಿಯಲು ಗುರು ಯಾಕೆ ಬೇಕು? ಮೊಬೈಲ್ ಇದ್ದರೆ ಸಾಲದೇ! ಹೀಗೆಂದು ದೊಡ್ಡಬೆಳವಂಗಲದ ನಮ್ಮ ನಡುಮನೆಯಲ್ಲಿ ನಿಂತು ಘೋಷಿಸಿಯೇ ಬಿಟ್ಟೆ.

ನಮ್ಮದು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕು. ಅಪ್ಪ ಪಿಳ್ಳಣ್ಣನವರಿಗೆ ಎಂಬತ್ತು ತುಂಬಿ ಕಣ್ಣು ಮಂಜಾಗಿತ್ತು. ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಿದ್ದೆ. "ಸೋಮವಾರ ಬಂದೂಕು ತಂದು ಹಿಡಿಯೋದು ತೋರ್ಸಿ. ಹಿಡಿಯೋಕ್ ಬರ್ಲಿಲ್ಲಾಂದ್ರೆ ಅದು ಠಾಣೇಲೇ ಇರತ್ತೆ" ಎಂದು ಇನ್‌ಸ್ಪೆಕ್ಟರ್ ಫೋನಿನಲ್ಲಿ ಹೇಳಿದ್ದರು. ಹಾಗಾದರೆ ನಮ್ಮ ಮುಸುಕಿನ ಜೋಳವೆಲ್ಲ ಕಾಡುಹಂದಿಗಳ ಪಾಲು!

ಕಾರ್ಖಾನೆಯ ಬಸ್ಸಿನಲ್ಲಿ ಕೂತು ನಲವತ್ತಮೂರು ವಿಡಿಯೋ ನೋಡಿದೆ. ಬಂದೂಕು ಆಯುಧ ಪೂಜೆಯಿಂದಲೂ ದೇವರ ಮುಂದಿತ್ತು. ಅದನ್ನು ಮುಟ್ಟಲು ಅಮ್ಮ ಬೈರಮ್ಮ ಬಿಡಲಿಲ್ಲ. ಹಾಗಾಗಿ ನೆಲ ಒರೆಸುವ ಕೋಲನ್ನೇ ಹೆಗಲಿಗೇರಿಸಿ ಸೇನಾಪತಿಯ ಗತ್ತಿನಲ್ಲಿ ಅಭ್ಯಾಸ ಮಾಡಿದೆ.

"ರೀ, ನಿಜವಾದ ಬಂದೂಕು ಒಂದ್ಸಲನಾದ್ರೂ ಹಿಡ್ದು ನೋಡ್ಬಾರ್ದಾ?" ಎಂದಳು ಹೆಂಡತಿ ಅಕ್ಷತ.

"ಅದರ ಒಳಗೂ ಹೊರಗೂ ವಿಡಿಯೋದಲ್ಲಿ ನೋಡಿದೀನಿ ಕಣೇ!"

"ಹಂಗಾದ್ರೆ ಆ ಕೋಲಲ್ಲಿ ನೆಲನಾದ್ರೂ ಒರ್ಸಿ. ಹಂದಿ ಓಡ್ದಿದ್ರೂ ಧೂಳಾದ್ರೂ ಹೋಗತ್ತೆ."

ಸೋಮವಾರ ಅಮ್ಮನೇ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ನನ್ನ ಜೊತೆ ಠಾಣೆಗೆ ಬಂದು, ನನ್ನ ಕೈಗೆ ಕೊಟ್ಟು ಜಗಲಿಯಲ್ಲಿ ಕೂತಳು.

"ಮೊದ್ಲು ತೆಗ್ದು, ಒಳಗೆ ಖಾಲಿ ಇದೆ ಅಂತ ತೋರ್ಸಿ" ಎಂದರು ಇನ್‌ಸ್ಪೆಕ್ಟರ್.

ವಿಡಿಯೋದ ಬಂದೂಕಿನಲ್ಲಿ ಗುಂಡಿ ಇದ್ದ ಜಾಗ ಒತ್ತಿದೆ. ನಮ್ಮದರಲ್ಲಿ ಗುಂಡಿಯೇ ಇಲ್ಲ! ತಡಕಾಡಿದಾಗ ಚಿಲಕ ಸಿಕ್ಕಿತು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಲ್ಲು ಕಚ್ಚಿ ತಿರುಚಿದೆ. ತಿರುಚಿದಂತೆಲ್ಲ ಬಂದೂಕಿನ ಬಾಯಿ ಮೊದಲು ಕಾನ್‌ಸ್ಟೇಬಲ್ ಮುರಳಿಯ ಕಡೆಗೆ, ಆಮೇಲೆ ಗೋಡೆಯ ಕ್ಯಾಲೆಂಡರಿಗೆ, ಕೊನೆಗೆ ಇನ್‌ಸ್ಪೆಕ್ಟರ್ ಹೊಟ್ಟೆಗೆ ತಿರುಗಿತು.

"ರೀ ರೀ ರೀ! ಕೆಳಗ್ ಹಿಡೀರಿ! ಲೋಡ್ ಆಗಿದ್ಯೇನ್ರೀ ಅದು?"

"ಗೊತ್ತಿಲ್ಲ ಸಾರ್!"

ಮುರಳಿ ಮೇಜಿನಡಿ ಸೇರಿದ. ನನ್ನ ಅಂಗೈ ಬೆವರಿ ಬಂದೂಕು ಜಾರುತ್ತಿತ್ತು. ಇದೇನಾದರೂ ಢಂ ಅಂದರೆ ಲೈಸೆನ್ಸ್ ಹಾಳಾಗಲಿ, ನನ್ನ ಗತಿಯೇನು!

"ಒಂದ್ನಿಮಿಷ ಸಾರ್, ಹದಿನೇಳನೇ ವಿಡಿಯೋದಲ್ಲಿದೆ" ಎಂದು ಒಂದು ಕೈಯಲ್ಲೇ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟು ಒತ್ತಿದೆ. ಬೋರ್‌ವೆಲ್ ಮೋಟಾರಿನ ಜಾಹೀರಾತು ಶುರುವಾಯಿತು! ಬಂದೂಕು ಜಾರಿತೆಂದು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಠಾಣೆಯೆಲ್ಲ ಉಸಿರು ಬಿಗಿಹಿಡಿದು ಮೋಟಾರಿನ ಗುಣಗಾನ ಕೇಳಿತು.

"ಸ್ಕಿಪ್ ಮಾಡ್ರೀ!" ಮೇಜಿನಡಿಯಿಂದ ಮುರಳಿ ಕೂಗಿದ.

"ಕೈ ಬಿಡುವಿಲ್ಲ ಸಾರ್!"

ಅಷ್ಟರಲ್ಲಿ ಅಮ್ಮ ಒಳಗೆ ಬಂದಳು. "ತತ್ತಾ ಇಲ್ಲಿ" ಎಂದು ಬಂದೂಕು ಕಿತ್ತುಕೊಂಡು, ಬಾಯಿಯನ್ನು ನೆಲಕ್ಕೆ ತಿರುಗಿಸಿ, ಒಣಗಿದ ಚೆಂಡುಹೂವು ಸರಿಸಿ, ಚಿಲಕಕ್ಕೆ ಸುತ್ತಿದ್ದ ಅರಿಶಿನದ ದಾರ ಬಿಚ್ಚಿದಳು.

"ಪೂಜೆಗೆ ಕಂಕಣ ಕಟ್ಟಿದ್ದೆ ಕಣೋ! ಅದ್ನ ಬಿಚ್ದೆ ಚಿಲಕ ತಿರುಗು ಅಂದ್ರೆ ಎಲ್ಲಿಂದ ತಿರುಗತ್ತೆ?"

ಆ ದಾರ ನನಗೂ ಕಂಡಿತ್ತು. ಅಲಂಕಾರವೆಂದು ಕೈಮುಗಿದು ಬಿಟ್ಟಿದ್ದೆ!

ಅಮ್ಮ ಚಿಲಕ ತಿರುಗಿಸಿದ ಕೂಡಲೇ ಬಂದೂಕು ನಡುವಿನಲ್ಲಿ ಬಾಗಿ ತೆರೆದುಕೊಂಡಿತು. "ಖಾಲಿ, ನೋಡ್ಕಳಿ ಸ್ವಾಮಿ."

ಇನ್‌ಸ್ಪೆಕ್ಟರ್ ಬೆವರು ಒರೆಸಿಕೊಂಡರು. "ಇದನ್ನೆಲ್ಲ ಯಾರಮ್ಮ ಕಲ್ಸಿದ್ದು?"

"ನಮ್ಮನೆಯವ್ರಿಗೆ ಕಣ್ಣು ಕಾಣ್ದೆ ಹತ್ವರ್ಷ ಆಯ್ತು. ಅಲ್ಲಿಂದೀಚ್ಗೆ ಹಂದಿ ಓಡ್ಸಿದ್ದು ಯಾರು ಅನ್ಕಂಡ್ರಿ?"

ಇನ್‌ಸ್ಪೆಕ್ಟರ್ ಎರಡೂ ಕಿವಿ ಮುಚ್ಚಿಕೊಂಡರು. "ಅಮ್ಮಾ, ಅದು ನನಗೆ ಕೇಳಿಸ್ಲೇ ಇಲ್ಲ!"

ಮುಗಿಯಿತು, ಬಂದೂಕು ಹೋಯಿತು ಎಂದುಕೊಂಡೆ. ಅವರು ನನ್ನ ಅರ್ಜಿ ಎಳೆದುಕೊಂಡು, ನನ್ನ ಹೆಸರನ್ನು ಎರಡು ಗೆರೆ ಎಳೆದು ಹೊಡೆದು, ಬೈರಮ್ಮ ಎಂದು ಬರೆದು ಶಿಫಾರಸು ಮಾಡಿದರು. ಕೆಳಗೆ ಒಂದು ಷರತ್ತು ಸೇರಿಸಿ, ನನಗೆ ಕೇಳುವಂತೆ ಗಟ್ಟಿಯಾಗಿ ಓದಿದರು:

"ಬಂದೂಕನ್ನು ಮಗನ ಕೈಗೆ ಸಿಗದಂತೆ ಎತ್ತರದಲ್ಲಿ ಇಡತಕ್ಕದ್ದು."