ಏಳನೇ ವಾರ್ಡಿಗೆ ಬಾಳಿಕೆ ಬರುವ ಮಂಚ

ಏಳನೇ ವಾರ್ಡಿನ ಹದಿಮೂರನೇ ಮಂಚವು ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ಕಾಲು ಮುರಿದುಕೊಂಡು ಸೇವೆಯಿಂದ ನಿವೃತ್ತಿ ಹೊಂದಿತು. ಆಗ ಅದರ ಮೇಲೆ ಸೊಂಟ ಮುರಿದುಕೊಂಡಿದ್ದ ದರ್ಜಿ ಅಜ್ಜಿಯೊಬ್ಬರು ಮಲಗಿದ್ದುದನ್ನು ಆಸ್ಪತ್ರೆಯ ದಾಖಲೆಯಲ್ಲಿ ‘ಕಾಕತಾಳೀಯ’ ಎಂದು ನಮೂದಿಸಲಾಗಿದೆ.

ವಾರ್ಡಿನ ದೊಡ್ಡ ಸಿಸ್ಟರು ನೆಲಕ್ಕೆ ಹಾಸಿಗೆ ಹಾಸಿ ಅಜ್ಜಿಯನ್ನು ಮಲಗಿಸಿ, ಬಾಳಿಕೆ ಬರುವ ಮಂಚವೊಂದು ಬೇಕೆಂದು ಅರ್ಜಿ ಬರೆದರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಎಡವಿದ್ದು ಅಲ್ಲೊಂದೇ ಕಡೆ. ಬರೀ ‘ಮಂಚ’ ಎಂದಿದ್ದರೆ ಉಗ್ರಾಣದಿಂದ ಏನೋ ಒಂದು ಬರುತ್ತಿತ್ತು. ‘ಬಾಳಿಕೆ’ ಎಂದದ್ದರಿಂದ ಸಮಿತಿ ಬಂತು.

ಸಮಿತಿಯ ಅಧ್ಯಕ್ಷರಾದ ಆಸ್ಪತ್ರೆಯ ಅಧೀಕ್ಷಕರು ಸಿಸ್ಟರನ್ನು ಕರೆಸಿದರು. “ಬಾಳಿಕೆ ಅಂದ್ರೆ ಎಷ್ಟು ದಿನ?”

“ಅಜ್ಜಿ ಸೊಂಟ ಕೂಡೋ ತನಕ ಆದ್ರೂ ಸಾಕು ಸಾರ್.”

“ಅಂದ್ರೆ ಅವರು ಗುಣವಾದ ದಿನ ಮಂಚ ಮುರೀಬೇಕು ಅಂತಲೋ?”

ಸಮಿತಿಯ ಏಕೈಕ ಸದಸ್ಯರಾದ ಉಗ್ರಾಣಾಧಿಕಾರಿ ಇದನ್ನು ಬರೆದುಕೊಂಡರು.

ಆಸ್ಪತ್ರೆಯ ಬಡಗಿ ಮೂರೇ ದಿನದಲ್ಲಿ ತೇಗದ ಮಂಚ ಮಾಡಿ ತಂದ. ಸಿಸ್ಟರ ಎದುರೇ ಅದರ ಮೇಲೆ ಹತ್ತಿ ಕುಣಿದ. “ನೋಡಿ ಅಕ್ಕಾ, ಕಿರ್ ಅಂದ್ರೆ ನನ್ನ ಹೆಸರು ಬದಲಾಯಿಸಿ.” ಮಂಚ ಕಿರ್ ಎನ್ನಲಿಲ್ಲ. ಸಿಸ್ಟರಿಗೆ ಹೋದ ಜೀವ ಬಂದಂತಾಯಿತು. ಆದರೆ ಕುಣಿತವು ನಿಯಮಾವಳಿಯಲ್ಲಿ ಇರಲಿಲ್ಲ. ಇದ್ದದ್ದು ನಿದ್ರಾ ಪರೀಕ್ಷೆ, ಅದನ್ನೂ ಅಧಿಕಾರಿಗಳೇ ನಡೆಸತಕ್ಕದ್ದು.

ಅಧೀಕ್ಷಕರು ದಿನವೂ ಊಟದ ನಂತರ ಎರಡರಿಂದ ನಾಲ್ಕರವರೆಗೆ ಪರೀಕ್ಷೆ ನಡೆಸಿದರು. ವರದಿ ಹೀಗಿತ್ತು: ‘ನಿದ್ರೆ ಬರಲು ಹಿಡಿದ ಸಮಯ: ಮೂರು ನಿಮಿಷ. ಗೊರಕೆ: ಸಾಧಾರಣ. ಕನಸು: ತೃಪ್ತಿಕರ.’

“ಹಾಗಾದ್ರೆ ಮಂಚ ವಾರ್ಡಿಗೆ ಕೊಡಿ ಸಾರ್.”

“ಒಂದೇ ಮಂಚ ನೋಡಿ ಒಳ್ಳೇದು ಅನ್ನೋದು ಪಕ್ಷಪಾತ ಸಿಸ್ಟರ್. ಹೋಲಿಕೆ ಬೇಡವೇ?”

ಹೋಲಿಕೆಗೆಂದು ವಾರ್ಡಿನ ಉಳಿದ ಮಂಚಗಳೂ ಒಂದೊಂದಾಗಿ ಸಮಿತಿಯ ಕೋಣೆ ಸೇರಿದವು. ರೋಗಿಗಳು ಒಬ್ಬೊಬ್ಬರಾಗಿ ಕೆಳಗಿಳಿದರು. ಉಗ್ರಾಣಾಧಿಕಾರಿಯೂ ಪರೀಕ್ಷೆಗೆ ಇಳಿದರು. ಕೆಲಸದ ಒತ್ತಡ ಅಷ್ಟಿತ್ತು.

“ನಾನೂ ಅರವತ್ತು ವರ್ಷ ಊರಿನವರ ಅಳತೆ ತಗೊಂಡಿದ್ದೀನಿ ಕಣಮ್ಮ,” ಎಂದರು ಅಜ್ಜಿ. “ಗಿರಾಕಿ ಅಂಗಿ ನಾನೇ ಹಾಕ್ಕೊಂಡು ತಿರುಗಲಿಲ್ಲ.”

ಸಿಸ್ಟರು ಮತ್ತೆ ಹೋದರು. ಈ ಸಲ ದನಿಯೇರಿಸಿಯೇ ಹೇಳಿದರು. “ಇಪ್ಪತ್ತು ಜನ ನೆಲದ ಮೇಲಿದ್ದಾರೆ ಸಾರ್!”

ಅಧೀಕ್ಷಕರು ದಿಂಬಿನಿಂದ ತಲೆಯೆತ್ತಿದರು. “ಎಷ್ಟು ದಿನದಿಂದ?”

“ಎರಡು ತಿಂಗಳಿಂದ.”

“ನೆಲ ಎಲ್ಲಾದರೂ ಮುರೀತೇ?”

ಸಿಸ್ಟರು ಸುಳ್ಳು ಹೇಳುವವರಲ್ಲ. “ಇಲ್ಲ ಸಾರ್.”

“ಕಿರ್ ಅಂತಾ?”

“ಇಲ್ಲ. ಆದ್ರೆ ಸಾರ್, ಅದು ನೆಲ!”

“ಹೆಸರು ನೋಡಬೇಡಿ ಸಿಸ್ಟರ್, ಗುಣ ನೋಡಿ.”

ಮರುದಿನ ಪ್ರಕಟಣೆ ಹೊರಬಿತ್ತು: ‘ಕಾಲು ಮುರಿಯದ, ಗೆದ್ದಲು ಹತ್ತದ, ಅಲುಗಾಡದ ಏಕೈಕ ಮಾದರಿಯಾದ ನೆಲವನ್ನು ಪ್ರಥಮ ದರ್ಜೆಯ ಮಂಚವೆಂದು ಘೋಷಿಸಲಾಗಿದೆ. ಮಂಚದ ಕೆಳಗೆ ಸಾಮಾನು ಇಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’

ಪ್ರತಿ ಹಾಸಿಗೆಯ ಸುತ್ತ ಸುಣ್ಣದಲ್ಲಿ ಗೆರೆ ಎಳೆದು ಸಂಖ್ಯೆ ಬರೆದರು. ಸಿಸ್ಟರು ಮೊದಮೊದಲು ಹಲ್ಲು ಕಚ್ಚಿಕೊಂಡು ಆ ಗೆರೆ ದಾಟಿದರು. ಬರಬರುತ್ತಾ ಬೇರೆಯವರು ದಾಟಿದರೆ ಗದರತೊಡಗಿದರು. ಆ ವರ್ಷ ಮಂಚದಿಂದ ಒಬ್ಬ ರೋಗಿಯೂ ಬೀಳದ ಕಾರಣ ಆಸ್ಪತ್ರೆಗೆ ಸುರಕ್ಷತಾ ಪ್ರಶಸ್ತಿ ಬಂತು. ಗುಣವಾದ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಲು ನಾಲ್ಕು ಜನ ಬೇಕಾಯಿತು. ‘ರೋಗಿಗೆ ಮಂಚ ಬಿಟ್ಟುಹೋಗಲು ಮನಸ್ಸಾಗಲಿಲ್ಲ’ ಎಂದು ದಾಖಲಾಯಿತು.

ದಿನವಿಡೀ ಬಗ್ಗಿ ಬಗ್ಗಿ ಇಂಜೆಕ್ಷನ್ ಕೊಟ್ಟು ಸಿಸ್ಟರ ಬೆನ್ನು ಒಂದು ದಿನ ಹಿಡಿದುಕೊಂಡಿತು. ಅವರನ್ನು ಅದೇ ವಾರ್ಡಿಗೆ ಸೇರಿಸಿದರು. ಸುದ್ದಿ ತಿಳಿದ ತಮ್ಮ ಓಡೋಡಿ ಬಂದ.

“ಅಯ್ಯೋ ಅಕ್ಕಾ, ಇಷ್ಟು ವರ್ಷ ದುಡಿದ ನಿನ್ನನ್ನೇ ನೆಲದ ಮೇಲೆ ಮಲಗಿಸಿದ್ದಾರಲ್ಲೇ!”

ಸಿಸ್ಟರು ಅವನ ಕಾಲಿನತ್ತ ನೋಡಿ ಸಿಡುಕಿದರು.

“ಮೊದಲು ಚಪ್ಪಲಿ ಬಿಡೋ. ಮಂಚದ ಮೇಲೆ ನಿಂತಿದ್ದೀಯ.”