ಡಬ್ಬಿಯಲ್ಲಿದ್ದ ಉತ್ತರ

ಆ ದಿನದ ತೊಂದರೆಯೆಲ್ಲ ಶುರುವಾದದ್ದು ಒಬ್ಬ ಟ್ಯಾಂಕರ್ ಚಾಲಕನ ಪ್ರಾಮಾಣಿಕತೆಯಿಂದ. ಕಚೇರಿ ಕೇಳಿದ್ದು ಐದು ವಿವರ. ಅವನು ಆರು ಬರೆದುಕೊಟ್ಟ.

ಕಚೇರಿ ಎಂದರೆ ಹಳೆಯ ಕಬ್ಬಿಣದ ಸೇತುವೆಯ ಈಚೆ ದಡದಲ್ಲಿರುವ ಮೂರು ಕೋಣೆ. ಭಾರದ ಗಾಡಿ ಯಾವುದೇ ಇರಲಿ, ಇಲ್ಲಿ ಚೀಟಿ ಪಡೆಯದೆ ಸೇತುವೆ ಹತ್ತುವಂತಿಲ್ಲ. ಗಾಡಿಗೆ ಗಾಲಿಯ ಅಚ್ಚೆಷ್ಟು, ಉದ್ದವೆಷ್ಟು, ಎತ್ತರವೆಷ್ಟು, ತೂಕವೆಷ್ಟು, ಯಾವ ವೇಗದಲ್ಲಿ ದಾಟುತ್ತದೆ ಎಂದು ಚಾಲಕ ಬರೆದು ಕಿಟಕಿಯೊಳಗೆ ತಳ್ಳಬೇಕು. ಮುದ್ರಿತ ನಮೂನೆ ಮುಗಿದು ಎರಡು ವರ್ಷವಾಗಿತ್ತು. ಹಾಗಾಗಿ ಒಬ್ಬ ತೂಕದಿಂದ ಶುರುಮಾಡಿದರೆ ಇನ್ನೊಬ್ಬ ಎತ್ತರದಿಂದ ಶುರುಮಾಡುತ್ತಿದ್ದ. ವೇಗವನ್ನಂತೂ ಅರ್ಧ ಜನ ಬರೆಯುತ್ತಲೇ ಇರಲಿಲ್ಲ. ಆ ಹಾಳೆ ಒಳಕೋಣೆಯ ಲೆಕ್ಕದಜ್ಜನಿಗೆ ಹೋಗುತ್ತಿತ್ತು. ಅಜ್ಜ ಬಾಗಿಲು ಹಾಕಿಕೊಂಡು ನಲವತ್ತು ನಿಮಿಷ ಲೆಕ್ಕ ಮಾಡಿ, ‘ಹೋಗಬಹುದು’ ಎಂದೋ ‘ಬೇಡ’ ಎಂದೋ ಬರೆದು ಕಳಿಸುತ್ತಿದ್ದರು. ಅಷ್ಟು ಹೊತ್ತು ಹೊರಗೆ ಲಾರಿಗಳು ನೋವು ತಿನ್ನುವ ದನಗಳ ಹಾಗೆ ನರಳುತ್ತ ನಿಂತಿರುತ್ತಿದ್ದವು.

ಕಿಟಕಿಯಲ್ಲಿ ಕೂರುವ ಹಂಗಾಮಿ ಗುಮಾಸ್ತನನ್ನು ಎಲ್ಲರೂ ಚೀಟಿರಾಯ ಎನ್ನುತ್ತಿದ್ದರು. ಅಜ್ಜನ ಉತ್ತರಗಳನ್ನು ಕಾರ್ಡುಗಳಲ್ಲಿ ನಕಲು ಮಾಡಿ ಬೂಟಿನ ಡಬ್ಬಿಯಲ್ಲಿಡಲು ಶುರುಮಾಡಿದವನು ಅವನೇ. ಅದೇ ಪ್ರಶ್ನೆ ಮತ್ತೆ ಬಂದರೆ ಅಜ್ಜನನ್ನು ಕೇಳುವುದೇಕೆ, ಡಬ್ಬಿಯಿಂದ ತೆಗೆದುಕೊಟ್ಟರಾಯಿತು. ಆದರೆ ಕಾರ್ಡುಗಳನ್ನು ಅವನು ಹಾಳೆಯ ಮೊದಲ ಸಾಲಿನ ಪ್ರಕಾರ ಜೋಡಿಸಿದ್ದ. ನಿನ್ನೆ ತೂಕವನ್ನು ಮೊದಲು ಬರೆದ ಸಕ್ಕರೆ ಲಾರಿಯವನು ಇವತ್ತು ಉದ್ದವನ್ನು ಮೊದಲು ಬರೆದರೆ ಕಾರ್ಡು ಸಿಗುತ್ತಿರಲಿಲ್ಲ. ಮತ್ತೆ ಅಜ್ಜ, ಮತ್ತೆ ನಲವತ್ತು ನಿಮಿಷ, ಮತ್ತೊಂದು ಕಾರ್ಡು. ಮೂರು ಡಬ್ಬಿ ತುಂಬಿದವು. ಆ ಒಂದು ಸಕ್ಕರೆ ಲಾರಿಗೇ ಹನ್ನೊಂದು ಕಾರ್ಡುಗಳಿದ್ದವು.

“ಅವರು ಹೇಗಾದ್ರೂ ಬರೀಲಿ. ನೀನು ಅಕ್ಷರಮಾಲೆ ಪ್ರಕಾರ ಜೋಡಿಸ್ಕೊಂಡು ಆಮೇಲೆ ಹುಡುಕು” ಎಂದು ಟೈಪಿಸ್ಟ್ ಅಕ್ಕ ಹೇಳಿದ್ದು ಹೋದ ವಾರ. ಹೇಳುವಾಗ ಆಕೆ ಟೈಪ್ ಮಾಡುವುದನ್ನೂ ನಿಲ್ಲಿಸಿರಲಿಲ್ಲ.

ಚೀಟಿರಾಯ ಎರಡು ದಿನ ಹಳೆಯ ರೀತಿಯಲ್ಲೇ ಹುಡುಕಿದ. ಮೂರನೆಯ ದಿನ ಎಲ್ಲ ಕಾರ್ಡುಗಳನ್ನು ನೆಲಕ್ಕೆ ಸುರಿದುಕೊಂಡು ಕೂತ. ಅಚ್ಚು, ಉದ್ದ, ಎತ್ತರ, ತೂಕ, ವೇಗ. ಯಾರು ಹೇಗೆ ಬರೆದರೂ ಇದೇ ಕ್ರಮ. ವೇಗ ಬರೆದಿರದಿದ್ದರೆ ನಡಿಗೆಯ ವೇಗ ಎಂದು ತಾನೇ ತುಂಬುವುದು. ಮೂರು ಡಬ್ಬಿಯ ಕಾರ್ಡುಗಳು ಇಳಿದು ಇಳಿದು ಒಂದು ಡಬ್ಬಿಯ ಅರ್ಧಕ್ಕೆ ಬಂದು ನಿಂತವು.

ಇಷ್ಟೆಲ್ಲ ಮಾಡಿದ್ದಕ್ಕೆ ಕಾರಣವಿತ್ತು. ಅವನ ಹಂಗಾಮಿ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಖಾಯಂ ಆದರೆ ಕಚೇರಿಯ ಹಿಂದಿನ ಎರಡು ಕೋಣೆಯ ಮನೆ ಸಿಗುತ್ತದೆ. ಮದುವೆಯಾಗಿ ಮೂರು ವರ್ಷದಿಂದ ಗಂಡಹೆಂಡತಿ ಭಾವನ ಮನೆಯ ಹಜಾರದಲ್ಲಿ, ಒಂದು ಬೀರುವಿನ ಹಿಂದೆ ಮಲಗುತ್ತಿದ್ದರು. ಭಾವ ಒಳ್ಳೆಯವನು. ಆದರೆ ಅವನ ಎಲ್ಲ ಬಟ್ಟೆಗಳೂ ಆ ಬೀರುವಿನಲ್ಲೇ ಇದ್ದವು, ಮತ್ತು ಅವನು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದ. ಹೆಂಡತಿ ಆಗಲೇ ಆ ಖಾಲಿ ಮನೆಯ ಕಿಟಕಿಗಳನ್ನು ಗೇಣಿನಲ್ಲಿ ಅಳೆದುಕೊಂಡು ಹೋಗಿ ಹಸಿರು ಪರದೆ ಹೊಲಿದಿಟ್ಟಿದ್ದಳು.

ಪರೀಕ್ಷೆಗೆ ದೊಡ್ಡ ಕಚೇರಿಯಿಂದ ಸಾಹೇಬರು ಬಂದಿದ್ದರು. ಷರತ್ತು ಒಂದೇ: ಸಂಜೆ ನಾಲ್ಕಕ್ಕೆ ಈಚೆ ದಡದಲ್ಲಿ ಒಂದು ಗಾಡಿಯೂ ಚೀಟಿಯಿಲ್ಲದೆ ನಿಂತಿರಬಾರದು. ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಶವದ ಪಕ್ಕ ಕೂತವರ ಹಾಗೆ ಅದರ ಪಕ್ಕ ಕೂತರು.

ಹನ್ನೊಂದರವರೆಗೆ ಹನ್ನೆರಡು ಲಾರಿ ಹೋದವು, ಒಂದೊಂದಕ್ಕೂ ಒಂದೊಂದು ನಿಮಿಷ. ಸಾಹೇಬರು ಎರಡು ಸಲ ಹುಬ್ಬೇರಿಸಿದರು. ಜವಾನನ ಪ್ರಕಾರ ಅದು ಅವರ ಚಪ್ಪಾಳೆ.

ಆಗ ಬಂದದ್ದು ಟ್ಯಾಂಕರ್. ತೂಕ ಹದಿನಾಲ್ಕು ಟನ್, ಅಚ್ಚು ಮೂರು, ಉಳಿದದ್ದೂ ಇತ್ತು. ಚೀಟಿರಾಯ ಕ್ರಮಕ್ಕೆ ಜೋಡಿಸಿದ, ಕಾರ್ಡು ಸಿಕ್ಕಿತು: ‘ಹೋಗಬಹುದು’. ಕೊಡಲು ಕೈ ಚಾಚಿದಾಗ ಹಾಳೆಯ ಕೆಳಗೆ ಇನ್ನೊಂದು ಸಾಲು ಕಾಣಿಸಿತು. ಅಲುಗಾಟ: ಇದೆ.

“ಇದೇನು? ಇದನ್ನ ಯಾರೂ ಕೇಳಿಲ್ಲವಲ್ಲ” ಎಂದ.

“ಕೇಳಲಿಲ್ಲ ಅಂತ ಇಲ್ಲದೇ ಹೋಗುತ್ತಾ?” ಎಂದ ಚಾಲಕ. “ನೀರು ಅರ್ಧ ಟ್ಯಾಂಕಿದೆ. ಬ್ರೇಕ್ ಹಾಕಿದ್ರೆ ಒಳಗಿಂದ ಒದೆಯುತ್ತೆ.”

ಹೊಳೆ ದಾಟಿ ನೀರು ಒಯ್ಯುತ್ತಿದ್ದೀರಾ ಎಂದು ಅಕ್ಕ ಕೇಳಿದಳು. ಆಚೆ ದಡದಲ್ಲಿ ಕಟ್ಟಡ ಏಳುತ್ತಿದೆ, ಸಿಮೆಂಟು ಕಲಸಲು ಅರ್ಧ ಟ್ಯಾಂಕು ತಾ ಎಂದಿದ್ದಾರೆ, ಹೇಳಿದ್ದನ್ನು ಹೇಳಿದಲ್ಲಿಗೆ ಮುಟ್ಟಿಸುವುದು ತನ್ನ ಕೆಲಸ ಎಂದು ಅವನು ಗಂಭೀರವಾಗಿ ಹೇಳಿದ.

ಆ ಸಾಲನ್ನು ನೋಡಿಲ್ಲ ಎಂದುಕೊಂಡರೆ ಒಂದು ನಿಮಿಷದ ಕೆಲಸ. ಚೀಟಿರಾಯ ಕಾರ್ಡನ್ನು ಹಿಡಿದು ಕಿಟಕಿಯಾಚೆಯ ಸೇತುವೆ ನೋಡಿದ. ಒಬ್ಬಳು ಮುದುಕಿ ಬುಟ್ಟಿ ಹೊತ್ತು ದಾಟುತ್ತಿದ್ದಳು. ಕಾರ್ಡನ್ನು ಡಬ್ಬಿಗೆ ವಾಪಸು ಹಾಕಿ, ಎದ್ದು, ನಾಲ್ಕು ದಿನಗಳಿಂದ ಯಾರೂ ತಟ್ಟದಿದ್ದ ಒಳಕೋಣೆಯ ಬಾಗಿಲು ತಟ್ಟಿದ.

ಅಜ್ಜ ಹಾಳೆಯನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ಓದಿದರು. ಆಮೇಲೆ ಬಾಗಿಲ ಚಿಲಕ ಹಾಕಿ, ಮೇಜಿನ ಖಾನೆಯಿಂದ ಬೆನ್ನು ಮುರಿದ ಒಂದು ದಪ್ಪ ಪುಸ್ತಕ ತೆಗೆದರು. ತುಂಬ ಹಳೆಯ ಕೈಬರಹದಲ್ಲಿ ಗಾಡಿಗಳ ವಿವರ, ಎದುರಿಗೆ ಉತ್ತರ. ಒಂದು ಪುಟದಲ್ಲಿ ತೂಕ ಮೊದಲು, ಇನ್ನೊಂದರಲ್ಲಿ ಎತ್ತರ.

“ಇದರಲ್ಲಿ ಅಲುಗಾಟ ಇಲ್ಲ” ಎಂದರು.

ಚೀಟಿರಾಯ ಇನ್ನೆರಡು ಪುಟ ತಿರುವಿ ನೋಡಿದ. “ಅಂದ್ರೆ ಆ ನಲವತ್ತು ನಿಮಿಷ...”

“ಹುಡುಕೋಕೆ. ಕ್ರಮ ಇಲ್ಲ ನೋಡು ಇದಕ್ಕೆ. ನನ್ನ ಹಿಂದಿನವರು ಕೊಟ್ಟು ಹೋದರು, ಅವರಿಗೆ ಅವರ ಹಿಂದಿನವರು. ಮೊದಲು ಯಾರೋ ನಿಜವಾಗಿ ಲೆಕ್ಕ ಮಾಡಿರಬೇಕು.”

“ಪುಸ್ತಕದಲ್ಲಿ ಇಲ್ಲದ್ದು ಬಂದಾಗ?”

“ಬೇಡ ಅಂತ ಬರೆದೆ. ಬೇಡ ಅಂದಿದ್ದಕ್ಕೆ ಯಾವ ಸೇತುವೆಯೂ ಬಿದ್ದಿಲ್ಲ.” ಅಜ್ಜ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಇವತ್ತು ಬೇಡ ಅಂದ್ರೆ ಆ ಸಾಹೇಬ ಲೆಕ್ಕ ತೋರಿಸಿ ಅಂತಾನೆ. ನನಗೆ ರಿಟೈರಾಗೋಕೆ ಇನ್ನು ಐದು ತಿಂಗಳಿದೆ ಕಣಪ್ಪ. ನಿನ್ನ ಡಬ್ಬಿಯಲ್ಲಿ ನೋಡಿದೆಯಾ?”

ಹೊರಗೆ ಬಂದಾಗ ಸಾಹೇಬರು ಅಜ್ಜ ಏನಂದರು ಎಂದು ಕೇಳಿದರು. ಲೆಕ್ಕ ನಡೆಯುತ್ತಿದೆ ಎಂದ ಚೀಟಿರಾಯ. ಅವನು ಕಚೇರಿಯಲ್ಲಿ ಹೇಳಿದ ಮೊದಲ ಸುಳ್ಳು ಅದು.

ಒಂದು ಗಂಟೆಗೆ ಅವನು ಟ್ಯಾಂಕರಿನ ಹೊಟ್ಟೆಗೆ ಕಿವಿಯಿಟ್ಟು ನಿಂತಿದ್ದ. ಚಾಲಕ ಒಂದು ಮಾರು ಮುಂದೆ ಹೋಗಿ ಬ್ರೇಕ್ ಹಾಕಿ ತೋರಿಸಿದ. ಒಳಗೆ ನೀರು ಓಡಿಬಂದು ಧಡ್ ಎಂದು ಗುದ್ದಿತು, ವಾಪಸು ಓಡಿತು, ಗಾಡಿಯೇ ಬಿಕ್ಕಳಿಸಿತು. ನೀರಿಗೆ ಓಡಾಡಲು ಜಾಗವಿತ್ತು. ತೊಂದರೆಯೆಲ್ಲ ಆ ಖಾಲಿ ಜಾಗದ್ದು.

“ತುಂಬಿದ್ರೆ ಎಷ್ಟು ತೂಕ?”

“ಇಪ್ಪತ್ತು ಟನ್.”

ಚೀಟಿರಾಯ ಒಳಗೆ ಓಡಿದ. ಅಚ್ಚು ಮೂರು, ಅದೇ ಉದ್ದ, ಅದೇ ಎತ್ತರ, ತೂಕ ಇಪ್ಪತ್ತು: ಯಾವುದೋ ಕಲ್ಲಿನ ಲಾರಿಯ ಕಾರ್ಡು ಅದು. ‘ಹೋಗಬಹುದು. ನಡುವಿನಲ್ಲಿ, ನಡಿಗೆಯ ವೇಗ.’ ಅಲುಗಾಟವನ್ನು ಲೆಕ್ಕ ಹಾಕಲು ಬಾರದಿದ್ದರೂ ಇಲ್ಲವಾಗಿಸಲು ಬರುತ್ತಿತ್ತು.

ನೀರು ಚೆಲ್ಲುವುದಕ್ಕೆ ಚಾಲಕ ಒಪ್ಪುತ್ತಿರಲಿಲ್ಲ. ತುಂಬುವುದಕ್ಕೆ ಒಪ್ಪಿದ. “ಕಡಿಮೆ ತಂದ್ರೆ ಬೈತಾರೆ. ಹೆಚ್ಚು ತಂದೆ ಅಂತ ಇವತ್ತಿನವರೆಗೆ ಯಾರೂ ಬೈದಿಲ್ಲ.”

ಟ್ಯಾಂಕರಿನ ಪಂಪಿನ ಕೊಳವೆ ಹೊಳೆಗೆ ಆರಡಿ ಸಾಲಲಿಲ್ಲ. ಹಾಗಾಗಿ ದಡದಲ್ಲಿ ಒಂದು ತೊಟ್ಟಿಯಿಟ್ಟು, ಬಕೆಟುಗಳಲ್ಲಿ ಹೊಳೆನೀರು ತಂದು ಸುರಿದರು. ಜವಾನ, ಅಕ್ಕ, ಚೀಟಿ ಪಡೆದು ಟ್ಯಾಂಕರಿನ ಹಿಂದೆ ಕಾಯುತ್ತಿದ್ದ ಲಾರಿಯವರು ಸಾಲಾಗಿ ನಿಂತರು. ಕಚೇರಿಯ ಕೊಡೆ ಇಡುವ ಡಬ್ಬವೂ ಕೈಯಿಂದ ಕೈಗೆ ಹೋಯಿತು. ಅಕ್ಕ ಮಾತ್ರ, ಹದಿನೆಂಟು ವರ್ಷ ಟೈಪ್ ಮಾಡಿದ ಕೈಗೆ ಇದೇ ಬಾಕಿಯಿತ್ತು ಎನ್ನುತ್ತಲೇ ಇದ್ದಳು. ಮೂರೂವರೆಗೆ ಟ್ಯಾಂಕು ಬಾಯಿಮಟ್ಟ ತುಂಬಿತು. ಚಾಲಕ ಬ್ರೇಕ್ ಹಾಕಿ ತೋರಿಸಿದ. ಒಳಗೆ ಸದ್ದಿಲ್ಲ.

ಚೀಟಿ ಬರೆದುಕೊಟ್ಟು ಚೀಟಿರಾಯ ಟ್ಯಾಂಕರಿನ ಮುಂದೆ ತಾನೇ ನಡೆದ. ಬೀಳುವುದಾದರೆ ಬರೆದವನು ಮೊದಲು ಬೀಳಲಿ ಎಂದು. ಹಲಗೆಗಳು ಕಿರ್ರೆಂದವು, ಬೋಲ್ಟುಗಳು ಹಲ್ಲು ಕಡಿದವು. ಹಿಂದೆ ಇಪ್ಪತ್ತು ಟನ್, ಕೆಳಗೆ ಹೊಳೆ. ಅವನು ಹಸಿರು ಪರದೆಯನ್ನು ನೆನೆಯುತ್ತ ನಡೆದ. ಆಚೆ ದಡ ಮುಟ್ಟಿದಾಗ ನಾಲ್ಕಕ್ಕೆ ಎಂಟು ನಿಮಿಷವಿತ್ತು.

ವಾಪಸು ಬಂದಾಗ ಸಾಹೇಬರು ಗಡಿಯಾರ ಕಟ್ಟಿಕೊಳ್ಳುತ್ತಿದ್ದರು. “ಈ ಉತ್ತರ ಯಾರದು? ಒಳಗಿನವರದಾ?”

ಅಜ್ಜನ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಅಜ್ಜನದು ಎಂದರೆ ಲೆಕ್ಕ ತೋರಿಸಿ ಎನ್ನುತ್ತಾರೆ. ಅಜ್ಜನದಲ್ಲ ಎಂದರೆ ಅವರ ಐದು ತಿಂಗಳು ಹೋಗುತ್ತದೆ. ನನ್ನದು ಎನ್ನಲು ಚೀಟಿರಾಯನಿಗೆ ಬಾಯಿ ಬರಲಿಲ್ಲ, ಅವನು ಲೆಕ್ಕ ಮಾಡಿರಲಿಲ್ಲ.

“ಡಬ್ಬಿಯಲ್ಲೇ ಇತ್ತು ಸರ್” ಎಂದ.

ಸಾಹೇಬರು ಡಬ್ಬಿಯನ್ನು ಹತ್ತಿರ ಎಳೆದುಕೊಂಡು ನೋಡಿದರು. ಆಮೇಲೆ ಜವಾನನನ್ನು ಕರೆದು ಅಕ್ಷರಮಾಲೆ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದ ಜವಾನ. ಅಕ್ಕನಿಗೆ ಆದೇಶ ಹೇಳಿದರು. ನಾಲ್ಕನೆಯ ಸಾಲಿಗೆ ಅಕ್ಕನ ಬೆರಳುಗಳು ನಿಂತವು. ಅದಕ್ಕೂ ಮುಂಚೆ ಅವು ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಆದೇಶ ಇದು: ಕಿಟಕಿಯ ಕೆಲಸವನ್ನೆಲ್ಲ ಡಬ್ಬಿಯೇ ನಿರ್ವಹಿಸುತ್ತಿರುವುದರಿಂದ ಡಬ್ಬಿಯನ್ನು ಖಾಯಂ ಮಾಡಲಾಗಿದೆ. ಗುಮಾಸ್ತನ ಹುದ್ದೆ ಇನ್ನು ಅಗತ್ಯವಿಲ್ಲ. ಕಾರ್ಡುಗಳು ತೇವಕ್ಕೆ ಹಾಳಾಗದಂತೆ ಹಿಂದಿನ ಎರಡು ಕೋಣೆಯ ಮನೆಯನ್ನು ಡಬ್ಬಿಗೆ ಮಂಜೂರು ಮಾಡಲಾಗಿದೆ.

ಡಬ್ಬಿಯನ್ನು ಹೊತ್ತು ಒಯ್ಯಲು ಚೀಟಿರಾಯನಿಗೇ ಹೇಳಿದರು, ಅವನ ಕೆಲಸ ಐದರವರೆಗೆ ಇತ್ತಲ್ಲ. ಆ ಮನೆಯ ಮೆಟ್ಟಿಲಲ್ಲಿ ಹೆಂಡತಿ ಪರದೆಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಹಿಂದೆ ಬಂದ ಸಾಹೇಬರು ಪರದೆಗಳನ್ನು ನೋಡಿದರು.

“ಬಿಸಿಲಿಗೆ ಶಾಯಿ ಮಾಸುತ್ತೆ ಅಂತ ಪರದೆ ಕೂಡ ತಂದಿದ್ದೀರಾ. ಒಳ್ಳೇದಾಯ್ತಮ್ಮ.”

ಚೀಟಿರಾಯ ಸ್ಟೂಲು ಹತ್ತಿ ಪರದೆ ಕಟ್ಟಿದ. ಅಳತೆ ಒಂದು ನೂಲೂ ತಪ್ಪಿರಲಿಲ್ಲ. ಎರಡನೆಯ ಕಿಟಕಿಯ ಗಂಟು ಬಿಗಿಯುವಾಗ ಆಚೆ ದಡದಿಂದ ಹಾರನ್ ಕೇಳಿಸಿತು. ಜವಾನ ಓಡಿಬಂದ. ಟ್ಯಾಂಕರ್ ವಾಪಸು ಬರುತ್ತಿದೆ, ಕಟ್ಟಡದವರು ಹೇಳಿದ ಅರ್ಧವನ್ನಷ್ಟೇ ಇಳಿಸಿಕೊಂಡರಂತೆ ಎಂದ.

ಸಾಹೇಬರು ಗಡಿಯಾರ ಬಿಚ್ಚಿ ಡಬ್ಬಿಯ ಪಕ್ಕದಲ್ಲಿಟ್ಟು ಕೂತರು. “ಕೇಳು ಅದನ್ನ” ಎಂದು ಡಬ್ಬಿ ತೋರಿಸಿ ಜವಾನನಿಗೆ ಹೇಳಿದರು.

ಐದು ಗಂಟೆ ಹೊಡೆಯಿತು. ಚೀಟಿರಾಯ ಸ್ಟೂಲಿನಿಂದ ಇಳಿದು, ಹೆಂಡತಿಯ ಕೈ ಹಿಡಿದು ಭಾವನ ಬೀರುವಿನ ಕಡೆಗೆ ಹೊರಟ.